ತೊಂಬತ್ತನಾಲ್ಕು ಡಿಗ್ರಿ

"ಅಜ್ಜೀ, ಮತ್ತ ಆರಿತು!"

ಉಮಾಶ್ರೀ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಈಗಷ್ಟೇ ಕಪ್ಪೆಯ ಹಿಂಗಾಲಿಗೆ ಹಸಿರು ಬಣ್ಣ ತುಂಬುತ್ತಿದ್ದಳು. ಸ್ಕ್ರೀನು ಟಪ್ ಅಂತ ಕಪ್ಪಾಯಿತು. ಕಪ್ಪೆಯೂ ಇಲ್ಲ, ಕಾಲೂ ಇಲ್ಲ.

"ಕರೆಂಟ್ ಹೋತೇನು?" ಹಂಪಮ್ಮಜ್ಜಿ ಒಳಗಿನಿಂದಲೇ ಕೇಳಿದಳು.

"ಫ್ಯಾನ್ ತಿರಗಾಕತ್ತದಲ್ಲ! ಕಂಪ್ಯೂಟರ್ ಒಂದೇ ಆರೇದ."

"ದಣದಿರಬೇಕು ಬಿಡು. ಈ ಬಿಸಲಾಗ ಮನುಷ್ಯಾರೇ ಮಧ್ಯಾಹ್ನ ಮಲಗ್ತಾರ."

ಏಪ್ರಿಲ್ ತಿಂಗಳು. ಮಾನ್ವಿಯ ಬಿಸಿಲಿಗೆ ಅಂಗಳದ ಕಲ್ಲು ಕಾದ ಹಂಚಿನಂತಾಗಿತ್ತು. ಉಮಾಶ್ರೀಯ ಅವ್ವ ತನ್ನ ತವರೂರು ಕವಿತಾಳಕ್ಕೆ ಹೋಗಿದ್ದಳು. ಅಪ್ಪ ಚನ್ನವೀರ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ, ಹಳೆಯದನ್ನು ಮಾಲೀಕರು "ಮಗಳಿಗೆ ಒಯ್ಯಪಾ" ಅಂತ ಕೊಟ್ಟಿದ್ದರು.

ಅದು ಮನೆಗೆ ಬಂದ ದಿನ ಅಜ್ಜಿ ಅದರ ಮೈಮೇಲೆ ಬೆರಳಾಡಿಸಿ ನೋಡಿದ್ದಳು. ಬೆರಳ ತುಂಬಾ ತೌಡಿನ ಪುಡಿ. "ಅಯ್ಯ ನನ್ನ ಕೂಸೇ, ಇಷ್ಟು ದಿನ ಧೂಳಾಗೇ ಇದ್ದೇನು?" ಅಂದವಳೇ ಟ್ರಂಕು ತೆಗೆದು ಹಳೆಯ ಸೀರೆಗಳನ್ನು ಹರವಿಕೊಂಡು ಕೂತಳು.

ಹತ್ತು ದಿನದಲ್ಲಿ ಸಿಪಿಯು ಡಬ್ಬಿಗೆ ಒಂದು ಕೌದಿ ತಯಾರಾಯಿತು. ಮಂದಿ ಹೊದ್ದುಕೊಳ್ಳುವ ಕೌದಿಯಂತೆಯೇ ನಾಲ್ಕು ಪದರು, ಇರುವೆ ಸಾಲಿನಂಥ ಹೊಲಿಗೆ. ಮೇಲಿನಿಂದ ಟೋಪಿ ಹಾಕಿದಂತೆ ಹಾಕಿದರೆ ನೆಲದವರೆಗೂ ಬರುತ್ತಿತ್ತು. ಆನ್ ಮಾಡುವ ಬಟನ್ ಇದ್ದಲ್ಲಿ ಕುಪ್ಪಸಕ್ಕೆ ಹೊಲಿದಂತೆ ಚಂದದ ಕಾಜಾ. ಹಿಂದೆ ವೈರು ಹೊರಬರಲು ಸಣ್ಣ ಸೀಳು. ಪಕ್ಕದ ಮನೆಯ ಮುನವ್ವರ್ ಬೀ ನೋಡಿ, "ಹಂಪಮ್ಮಾ, ನನ್ನ ಮಿಕ್ಸರಿಗೂ ಇಂಥಾದೊಂದು ಹೊಲದು ಕೊಡ್ರಿ" ಅಂದಿದ್ದಳು. ಅಜ್ಜಿ ವಾರವಿಡೀ ಆ ಮಾತನ್ನು ಬಂದವರಿಗೆಲ್ಲ ಹೇಳಿದ್ದಳು.

ಈಗ ನೋಡಿದರೆ ಹತ್ತು ನಿಮಿಷಕ್ಕೊಮ್ಮೆ ಕಂಪ್ಯೂಟರ್ ಆರುತ್ತಿತ್ತು.

ಮೊನ್ನೆ ಅಪ್ಪ ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಜಾಹೆದಾಳ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ದಿದ್ದ. ಉಮಾಶ್ರೀಯೂ ಹೋಗಿದ್ದಳು. ಜಾಹೆದಾ ಡಬ್ಬಿ ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ನಡುವಿನ ಸಣ್ಣ ಫ್ಯಾನು ತೋರಿಸಿದ್ದಳು.

"ಇದರ ಕೆಳಗ ಪ್ರೊಸೆಸರ್ ಅದ ನೋಡು. ಎಲ್ಲಾ ಲೆಕ್ಕ ಮಾಡೋದು ಅದೇ. ಮಾಡ್ತಾ ಮಾಡ್ತಾ ಕಾಯ್ತದ. ಫ್ಯಾನು ಆ ಕಾವು ಹೊರಗ ದಬ್ಬತದ. ಭಾಳ ಕಾಯ್ತಂದ್ರ ಸುಟ್ಟು ಹೋಗಬಾರದಂತ ತಾನೇ ಆರ್ತದ. ಶಾಣ್ಯಾ ಅದ, ಹೌದಿಲ್ಲೋ?"

ಪ್ರೊಸೆಸರಿಗೆ ಕಾವು ಬೇಗ ಬಿಟ್ಟುಕೊಡುವಂಥ ಹೊಸ ಪೇಸ್ಟ್ ಹಚ್ಚಿ, ಸ್ಕ್ರೀನಿನ ಮೂಲೆಯಲ್ಲಿ ಅದರ ಕಾವು ತೋರಿಸುವ ಒಂದು ಪ್ರೋಗ್ರಾಮ್ ಹಾಕಿಕೊಟ್ಟಿದ್ದಳು. ಅಂಗಡಿಯಲ್ಲಿ ನಾಲ್ಕು ತಾಸು ನಡೆದರೂ ಆರಲಿಲ್ಲ. ಮನೆಗೆ ಬಂದಿತು, ಅಜ್ಜಿ ಕೌದಿ ಹೊದಿಸಿದಳು, ಮತ್ತೆ ಅದೇ ರಾಗ.

ಊಟಕ್ಕೆ ಬಂದ ಅಪ್ಪ ಕಪ್ಪು ಸ್ಕ್ರೀನು ನೋಡಿ ಮುಖ ಗಂಟಿಕ್ಕಿದ. "ಅಂಗಡ್ಯಾಗ ಸರಿ, ಮನ್ಯಾಗ ಇಲ್ಲ ಅಂದ್ರ ಏನರ್ಥ? ಗೇಮ್ ಆಡಿ ಆಡಿ ಕೆಡಸಾಕತ್ತೀದಿ."

"ಇಲ್ಲ ಯಪ್ಪಾ, ಕಪ್ಪಿ ಚಿತ್ರ ತಗ್ಯಾಕತ್ತಿದ್ದೆ!"

"ಕಪ್ಪಿನೋ ಕುದುರಿನೋ. ನಾಳಿತನಕ ನೋಡ್ತೀನಿ. ಸೋಮವಾರ ಮಿಲ್ಲಿಗೆ ವಾಪಸ್."

ಉಮಾಶ್ರೀ ತಾಟು ಅರ್ಧಕ್ಕೇ ಸರಿಸಿದಳು. ಅಪ್ಪ ಕೈತೊಳೆಯಲು ಹೋದಾಗ ಅವನ ಫೋನಿನಿಂದ ಜಾಹೆದಾಗೆ ಕಾಲ್ ಮಾಡಿದಳು.

"ಅಳಬ್ಯಾಡ," ಅಂದಳು ಜಾಹೆದಾ. "ಮನ್ಯಾಗ ಇರೋದು, ನನ್ನ ಅಂಗಡ್ಯಾಗ ಇರಲಾರದ್ದು ಏನದ, ಹುಡುಕು. ಒಂದೊಂದೇ ಬದಲಿ ಮಾಡಿ ನಂಬರ್ ನೋಡು. ಎರಡೆರಡು ಒಮ್ಮೆಗೇ ಮಾಡಿದ್ರ ಯಾವುದರಿಂದ ಆತಂತ ತಿಳಿಯೂದಿಲ್ಲ. ಬರಕೋ."

ಅಪ್ಪ ಮಿಲ್ಲಿಗೆ ಹೋದ. ಅಜ್ಜಿ ಚಾಪೆ ಹಾಸಿ ಮಲಗಿದಳು. ಉಮಾಶ್ರೀ ರಫ್ ನೋಟ್‌ಬುಕ್ ತೆಗೆದಳು.

ಇದ್ದಲ್ಲೇ ಇದ್ದಾಗ: ತೊಂಬತ್ತನಾಲ್ಕು ಡಿಗ್ರಿ. ಟಪ್, ಆರಿತು.

ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಮತ್ತೆ ಆನ್ ಮಾಡಿ, ಕಿಟಕಿಯ ಬಿಸಿಲು ಬೀಳದಂತೆ ಪರದೆ ಎಳೆದಳು: ತೊಂಬತ್ತೆರಡು. ಟೇಬಲ್ ಫ್ಯಾನ್ ಹಚ್ಚಿದಳು: ತೊಂಬತ್ತು. ಫ್ಯಾನಿನ ಗಾಳಿ ಒಳಗೆ ಹೋಗುತ್ತದೋ ಇಲ್ಲವೋ ನೋಡೋಣ ಅಂತ ಕೌದಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

ಎಂಬತ್ತು. ಎಪ್ಪತ್ತೊಂದು. ಅರವತ್ತು. ಐವತ್ತಾರು.

"ಸಿಕ್ತು!" ಅಂತ ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅಜ್ಜಿ ಚಾಪೆಯ ಮೇಲೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವಳ ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

ಹೇಳಿದರೆ ಅಜ್ಜಿಯ ಮುಖ ಹೇಗಾಗುತ್ತದೆ? ಹೇಳದಿದ್ದರೆ ಸೋಮವಾರ ಕಂಪ್ಯೂಟರ್ ಹೋಗುತ್ತದೆ, ಕೆಡಿಸಿದವಳು ಉಮಾಶ್ರೀ ಅಂತಲೇ ಆಗುತ್ತದೆ.

ಅವಳು ಒಂದು ಉಪಾಯ ಮಾಡಿದಳು. ಏನೂ ಹೇಳದೆ, ಕೌದಿಯಿಲ್ಲದೆಯೇ ಕಪ್ಪೆಯ ಚಿತ್ರ ಮತ್ತೆ ಶುರು ಮಾಡಿದಳು. ಅರ್ಧ ತಾಸಾದರೂ ಆರಲಿಲ್ಲ.

ಅಷ್ಟರಲ್ಲಿ ಅಜ್ಜಿ ಎದ್ದಳು. "ಅಯ್ಯ, ಬರಿಮೈಲೆ ಕುಂದರಿಸೀಯಲ್ಲ ಇದನ್ನ!" ಅನ್ನುತ್ತ ಕೌದಿ ತಂದು ಹೊದಿಸಿ, ಮೇಲೆ ಎರಡು ಸಲ ತಟ್ಟಿದಳು. ಮೂಲೆಯ ನಂಬರ್ ಮೆಲ್ಲಗೆ ಏರತೊಡಗಿತು. ಅರವತ್ತೈದು. ಎಪ್ಪತ್ತೆರಡು.

ಉಮಾಶ್ರೀಗೆ ಕೂತಲ್ಲಿ ಕೂರಲಾಗಲಿಲ್ಲ. ಎಂಬತ್ತೆಂಟು ಆದಾಗ ತಡೆಯಲಾಗದೆ, "ಅಜ್ಜೀ, ಒಂಚೂರು ಕೈ ಕೊಡು" ಅಂದಳು. ಅಜ್ಜಿಯ ಕೈಯನ್ನು ಕೌದಿಯ ಒಳಗೆ, ಡಬ್ಬಿಯ ಹಿಂಭಾಗಕ್ಕೆ ಒಯ್ದಳು.

ಅಜ್ಜಿ ಕೈ ಸರ್ರನೆ ಎಳೆದುಕೊಂಡಳು. "ಯವ್ವಾ! ಒಲಿ ಬಾಯಾಗಿಂದ ಬಂದಂಗ ಬರಾಕತ್ತದಲ್ಲ!"

ಉಮಾಶ್ರೀ ನೆಲ ನೋಡುತ್ತ ನಿಂತಳು.

ಅಜ್ಜಿ ಡಬ್ಬಿ ನೋಡಿದಳು, ಕೌದಿ ನೋಡಿದಳು, ಮೊಮ್ಮಗಳ ಮುಖ ನೋಡಿದಳು. "ಈ ಕಾವು ಹೊರಗ ಹೋಗಾಕ ದಾರೀನೇ ಇಲ್ಲ. ನಾನೇ ಮುಚ್ಚೀನಿ, ಅಲಾ?"

"ನೀ ಧೂಳು ಬೀಳಬಾರದಂತ..."

"ಧೂಳು ಬೀಳಲಿಲ್ಲ, ಖರೇ. ಜೀವಾನೇ ಹೋಗತಿತ್ತು!" ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಏಪ್ರಿಲ್ ಬಿಸಲಾಗ ಕೌದಿ! ನನಗ ಯಾರರ ಹಿಂಗ ಹೊದಿಸಿದ್ರ ನಾ ಹತ್ತು ನಿಮಿಷಾನೂ ಕುಂದರತಿದ್ದಿಲ್ಲ. ಯಾವಾಗ ಗೊತ್ತಾತು ನಿನಗ?"

"ನೀ ಮಲಗಿದ್ದಾಗ."

"ಮತ್ಯಾಕ ಹೇಳಲಿಲ್ಲ ಬೇ?"

ಉಮಾಶ್ರೀ ಫ್ರಾಕಿನ ತುದಿ ತಿರುವಿದಳು. "ನಿನಗ ಬ್ಯಾಸರ ಆಗ್ತದಂತ."

ಅಜ್ಜಿ ಅವಳ ಗಲ್ಲ ಹಿಂಡಿ, ಕೌದಿ ಎತ್ತಿಕೊಂಡು ಕಟ್ಟೆಯ ಮೇಲೆ ಕೂತಳು. "ಸೂಜಿ ತಾ. ಮೂಲಿ ಎಲ್ಲಾ ಬಿಚ್ಚಿ ಅಗಲ ಮಾಡೂಣು. ನಿನ್ನ ಕುರ್ಚಿಗೆ ಹಾಸಾಕ ಆಗ್ತದ."

ಸಂಜೆ ಅಪ್ಪ ಬಂದಾಗ ಕಂಪ್ಯೂಟರ್ ಇನ್ನೂ ನಡೆದಿತ್ತು. "ಏನಾಗಿತ್ತು ಇದಕ್ಕ?" ಅಂದ.

"ಧೂಳು..." ಅಂತ ಉಮಾಶ್ರೀ ಶುರು ಮಾಡಿದಳು.

"ಎಂಥಾ ಧೂಳು?" ಅಜ್ಜಿ ತಲೆ ಎತ್ತದೆಯೇ ಅಂದಳು. "ನಾ ಕೌದಿ ಹೊದಿಸಿದ್ದೆ, ಅದಕ್ಕ ಸೆಕಿ ಆಗಿತ್ತು. ನಿನ್ನ ಮಗಳು ಬರೆದು ಬರೆದು ಹುಡುಕ್ಯಾಳ. ಚಹಾ ಸೋಸೀನಿ, ಕುಡಿ."

ಅಷ್ಟೇ. ಹಾಲು ಉಕ್ಕಿತು ಅಂದಷ್ಟು ಸಲೀಸಾಗಿ ಅಂದುಬಿಟ್ಟಳು. ಅಪ್ಪ ನೋಟ್‌ಬುಕ್ಕಿನ ನಂಬರುಗಳನ್ನು ನೋಡಿದ. ಉಮಾಶ್ರೀಯ ಜಡೆ ಮೆಲ್ಲಗೆ ಎಳೆದು ಚಹಾಕ್ಕೆ ಒಳಗೆ ಹೋದ.

ಉಮಾಶ್ರೀ ಅಜ್ಜಿಯ ಬೆರಳುಗಳನ್ನೇ ನೋಡಿದಳು. ಹೊಲಿಯುವಾಗ ಎಷ್ಟು ಸಾವಕಾಶವಾಗಿ ಇದ್ದವೋ ಬಿಚ್ಚುವಾಗಲೂ ಅಷ್ಟೇ ಸಾವಕಾಶ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತುತ್ತ, ಅಜ್ಜಿ ಯಾವುದೋ ಪದ ಗುನುಗುತ್ತಿದ್ದಳು.

ಉಮಾಶ್ರೀ ಹತ್ತಿರ ಸರಿದು ಕೂತು, ಅರಿವೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.