ದಶಾಂಶದ ಕಣಜ

"ಕಣಜ ಕೊಂಡ್ಮೇಲೆ ಚರ್ಚಿನ ಸೂರೂ ನಿನ್ನ ತಲೆ ಮೇಲೇ ಬರತ್ತೆ, ಮರೀ," ಎಂದಳು ಎಡ್ನಾ ಟಕೆಟ್. ಚರ್ಚಿನ ಬೀಗದಕೈ ಅವಳ ಬಳಿಯೇ ಇರುತ್ತಿತ್ತು. "ಆ ನೆಲದ್ದು ಹಳೇ ಋಣ."

ಲಯನೆಲ್ ಪೆಂಬರ್ ನಕ್ಕ. ಆ ನಗೆಗೆ ಮೂರು ಹಳ್ಳಿಯ ಬಾತುಕೋಳಿಗಳು ಮೊಟ್ಟೆ ಬಿಟ್ಟು ಎದ್ದವಂತೆ. ಎರಡು ಹಳ್ಳಿಯವಂತೂ ಎದ್ದಿರಲೇಬೇಕು.

ಹಿಂದೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆಂದು ಬಂದು ಬೀಳುತ್ತಿದ್ದ ಕಣಜ ಅದು. ಅದರ ಒಡೆಯನೇ ಬಲಿಪೀಠದ ಮೇಲಿನ ಚಾವಣಿಯನ್ನು ನೋಡಿಕೊಳ್ಳಬೇಕೆಂಬುದು ಅಂದಿನ ಕಟ್ಟಳೆ. ಈಗ ಕಣಜ ದೊಡ್ಡ ಕಿಟಕಿಗಳ ಮನೆಯಾಗಿತ್ತು. ಲಂಡನ್ನಿನ ಹೊಗೆಗೆ ಎದೆ ಕಟ್ಟಿಕೊಂಡ ಹೆಂಡತಿ ಮೊಯ್ರಾಳಿಗಾಗಿ ಲಯನೆಲ್ ಅದನ್ನು ಕೊಂಡಿದ್ದ. ತೇವ ತಾಗಿದರೆ ಅವಳು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

"ಚರ್ಚಿನೋರು ಆ ಋಣಾನ ಗಡುವಿನೊಳಗೆ ನೋಂದಣಿ ಮಾಡಿಸ್ಲಿಲ್ಲ. ಹೊಸಬನಿಗೆ ಋಣ ಅಂಟಲ್ಲ ಅಂದಿದಾನೆ ನನ್ನ ವಕೀಲ. ದೇವರಿಗೆ ಹಂಚು ಬೇಕಿದ್ರೆ ದೇವರೇ ಕೊಂಡ್ಕೊಳ್ಳಲಿ!"

"ವಕೀಲ ಕಾಗದ ಓದಿದ. ಮಣ್ಣು ಓದೋಕೆ ಬರತ್ತಾ ಅವನಿಗೆ?"

ನಲವತ್ತು ದಿನದ ಉಪವಾಸ ಶುರುವಾಗುವ ಬೂದಿ ಬುಧವಾರ ಬಂತು. ಆ ಬೆಳಿಗ್ಗೆ ಪಾದ್ರಿ ಹಳೆಯ ಪ್ರಾರ್ಥನೆಯ ಪುಸ್ತಕದಿಂದ ಶಾಪಗಳನ್ನು ಒಂದೊಂದಾಗಿ ಓದುತ್ತಾನೆ. ಪ್ರತಿಯೊಂದಕ್ಕೂ ಊರು ಆಮೆನ್ ಎನ್ನುತ್ತದೆ. ತಮಾಷೆ ನೋಡಲು ಹೋದ ಲಯನೆಲ್‌ನ ತೋಳನ್ನು ಎಡ್ನಾ ಹಿಡಿದುಕೊಂಡಳು. "ಋಣ ಇಟ್ಕೊಂಡೋರು ಇಲ್ಲಿ ಬಾಯಿ ಬಿಡಬಾರ್ದು. ಬಿಟ್ರೆ ಶಾಪಕ್ಕೆ ನೀನೇ ರುಜು ಹಾಕಿದ ಹಾಗೆ."

ಮೇಣದ ವಾಸನೆ. ಬಲಿಪೀಠದ ಬಳಿಯ ಬಕೆಟ್ಟಿಗೆ ಸೋರುವ ನೀರಿನ ಸದ್ದು. ಟಪ್. ಟಪ್.

"ನೆರೆಯವನ ಗಡಿಗಲ್ಲನ್ನು ಸರಿಸುವವನು ಶಾಪಗ್ರಸ್ತನು," ಎಂದ ಪಾದ್ರಿ.

"ಆಮೆನ್!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ ಲಯನೆಲ್.

ಬಕೆಟ್ಟಿನ ಸದ್ದು ನಿಂತಿತು.

ಮನೆಗೆ ಬಂದರೆ ಮೊಯ್ರಾಳ ಹಾಸಿಗೆ ಒದ್ದೆ. ಹೊರಗೆ ಬಿಸಿಲು, ಮೇಲಿನಿಂದ ನೀರು. ನೀರಿಗೆ ಮೇಣದ, ಇಲಿಹಿಕ್ಕೆಯ, ಮುಗ್ಗಿದ ಕಲ್ಲಿನ ನಾತ. ಹಂಚಿನವರು ಏಳು ಮಂದಿ ಬಂದರು. "ಒಂದು ಸೂಜಿ ತೂತೂ ಇಲ್ಲ, ಸಾರ್," ಎಂದರು. ಮಂಚ ಸರಿಸಿದರೆ ಹನಿಯೂ ಸರಿಯಿತು. ಪಕ್ಕದೂರಿನ ಹೋಟೆಲಿಗೆ ಕರೆದೊಯ್ದರೆ ಅಲ್ಲಿಯೂ ಅವಳ ತಲೆಯ ಮೇಲೆಯೇ ಟಪ್ ಎಂದಿತು. ಲಯನೆಲ್ ಸಿಟ್ಟಿನಿಂದ ವಕೀಲನಿಗೆ ಫೋನು ಮಾಡಿದ.

"ಕಾನೂನಿನಲ್ಲಿ ನಿಮ್ಮನ್ನ ಯಾರೂ ಮುಟ್ಟೋ ಹಾಗಿಲ್ಲ, ಸಾರ್."

"ಹಾಗಂತ ನೀನೇ ಬಂದು ಸೂರಿಗೆ ಹೇಳಯ್ಯಾ!"

ಮತ್ತೆ ಮನೆಗೇ ಮರಳಿದರು. ಹದಿನಾಲ್ಕು ಬಕೆಟ್ಟು ತುಂಬಿದವು. ಮೊಯ್ರಾಳ ತುಟಿ ನೀಲಿಯಾಯಿತು. ಒಂದು ಮಧ್ಯಾಹ್ನ ಲಯನೆಲ್ ಎಡ್ನಾಳ ಬಾಗಿಲು ಬಡಿದ.

"ಎಷ್ಟು ಬೇಕೋ ಕೊಡ್ತೀನಿ. ನಾಳೆಯೇ ಆಳುಗಳನ್ನ ಕಳಿಸ್ತೀನಿ!"

"ಆಮೆನ್ ಅಂದದ್ದು ಆಳುಗಳಾ? ಏಣಿ ಚರ್ಚಿನ ಗೋಡೆಗೆ ಒರಗಿಸಿದೆ, ಹೋಗು."

ಏರಿದ. ಕಲ್ಲುಹಂಚು ಜಾರಿತು. ಕೈ ಕೊಯ್ದುಕೊಂಡ. ಮೊಳೆ ಹೊಡೆದ. ಒಂದು. ಹತ್ತು. ಇನ್ನೂರು. ಉಗುರು ಕಿತ್ತುಬಂತು. ಹೊತ್ತು ಇಳಿಯುವ ಮುನ್ನ ಕೊನೆಯ ಹಂಚು ಕೂತಿತು. ಎದುರಿನ ಕಣಜದ ಕಿಟಕಿ ತೆರೆಯಿತು.

"ಲಯನೆಲ್! ನಿಂತೋಯ್ತು ಕಣೋ!" ಮೊಯ್ರಾ ಎದೆ ತುಂಬ ಉಸಿರೆಳೆದಳು. ಎಷ್ಟೋ ವಾರಗಳ ಮೇಲೆ ಅವಳು ನಕ್ಕಿದ್ದಳು. "ಇಳಿದು ಬಾ, ಸೂಪು ಆರೋಗತ್ತೆ."

ಅವನು ಏಣಿಯ ಮೇಲೆ ಕಾಲಿಟ್ಟ.

ಟಪ್. ಕಿಟಕಿಯಲ್ಲಿ ಕೆಮ್ಮು.

ಕಾಲನ್ನು ಹಂಚಿನ ಮೇಲೆ ಎಳೆದುಕೊಂಡ. ಕೆಮ್ಮು ನಿಂತಿತು.

ಮತ್ತೆ ಕಾಲಿಟ್ಟ. ಟಪ್. ಅವಳು ಕಿಟಕಿಗೆ ಒರಗಿ ಬಾಗಿದಳು. ತುಟಿಯ ಮೇಲೆ ರಕ್ತ. ಎಳೆದುಕೊಂಡ. ಅವಳು ನೆಟ್ಟಗಾದಳು.

"ಎಡ್ನಾ! ಎಷ್ಟು ದಿನ? ಹೇಳೇ, ಎಷ್ಟು ದಿನ?"

ಕೆಳಗೆ ಸಮಾಧಿಗಳ ನಡುವೆ ನಿಂತಿದ್ದ ಎಡ್ನಾ ಶಿಲುಬೆಯ ಗುರುತು ಮಾಡಿಕೊಂಡಳು.

"ಬೇಗ ಬಾರೋ," ಎಂದಳು ಮೊಯ್ರಾ.

ಲಯನೆಲ್ ಅವಳ ಮುಖಕ್ಕೆ ಬಣ್ಣ ಬರುವುದನ್ನು ನೋಡಿದ. ಆಮೇಲೆ ಏಣಿಯನ್ನು ಕೆಳಕ್ಕೆ ಒದ್ದುಬಿಟ್ಟ.