ಶಾಯಿ ಇಲ್ಲದ ಅಚ್ಚು

ಮೂಡಣ ಸಮುದ್ರದ ಒಂದು ದ್ವೀಪರಾಜ್ಯದಲ್ಲಿ ಬಹುಕಾಲದ ಹಿಂದೆ ಒಂದು ಯುದ್ಧ ನಡೆಯುತ್ತಿತ್ತು. ಶತ್ರುವನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ಗೆಲುವಿನ ಸುದ್ದಿ ದಿನವೂ ಬರುತ್ತಿತ್ತು.

ಅಲ್ಲಿಯ ಮಂತ್ರಿ ಕಗೆಮಾರು ಮಾಂತ್ರಿಕ. ಚಿತ್ರದ ಮೇಲೆ ಅವನು ಕೆಂಪು ಮೊಹರು ಒತ್ತಿ ‘ಇದು ಇಂಥವನು’ ಎಂದರೆ, ಆ ಇಂಥವನು ಚಿತ್ರದಲ್ಲಿದ್ದಂತೆಯೇ ಆಗಿಬಿಡುತ್ತಿದ್ದ. ಓಕಿನು ಎಂಬವಳು ಚಿತ್ರ ಒತ್ತುವ ಮರದ ಅಚ್ಚು ಕೆತ್ತುತ್ತಿದ್ದಳು. ಅವಳ ಗಂಡ ತೊಕುಬೆ ಒಮ್ಮೆ ಏಡಿಯ ಚಿತ್ರ ಬರೆದ. ಏಡಿಯ ಆ ಅಡ್ಡ ನಡಿಗೆ ತನ್ನದೇ ಎಂದು ಮಂತ್ರಿಗೆ ಅನುಮಾನ ಬಂತು. ‘ಇದು ತೊಕುಬೆ’ ಎಂದು ಮೊಹರು ಒತ್ತಿದ. ಅಂದಿನಿಂದ ತೊಕುಬೆ ಏಡಿಯಾಗಿ ಆಸ್ಥಾನದ ನೀರಿನ ತೊಟ್ಟಿಯಲ್ಲಿ ಅಡ್ಡಡ್ಡ ನಡೆಯುತ್ತಿದ್ದ.

ಮಂತ್ರಿ ಓಕಿನುವನ್ನು ಕರೆಸಿದ. ಶತ್ರುರಾಜನನ್ನು ಗೇಲಿ ಮಾಡುವ ಚಿತ್ರ ಬೇಕು, ಮೂರು ಅವಕಾಶ. ಒಪ್ಪಿಗೆಯಾದರೆ ಗಂಡ ಮನೆಗೆ, ಇಲ್ಲವಾದರೆ ಅಡುಗೆಮನೆಗೆ.

ಮೊದಲು ಅವಳು ಕವಚ ತೊಟ್ಟ ಕಪ್ಪೆಯನ್ನು ಕೆತ್ತಿದಳು.

“ನೀನು ಶತ್ರುರಾಜನನ್ನು ಕಂಡಿದ್ದೀಯಾ?”

“ಇಲ್ಲ, ಒಡೆಯರೇ.”

“ಹಾಗಾದರೆ ಈ ಹೊಟ್ಟೆಯನ್ನು ಯಾರದನ್ನು ನೋಡಿ ಕೆತ್ತಿದೆ?”

ಆಸ್ಥಾನಿಕರೆಲ್ಲ ಚಾವಣಿ ನೋಡಿದರು. ಅಚ್ಚು ಒಲೆಗೆ ಹೋಯಿತು.

ಎರಡನೆಯದು ಮೀಸೆಯ ಮೀನು. ಮಂತ್ರಿ ಅದನ್ನೂ ಸುಡಿಸಿ, ಮರುದಿನ ಮೀಸೆ ಬೋಳಿಸಿಕೊಂಡು ಬಂದ. ಅಲ್ಲಿಯವರೆಗೆ ಹೋಲಿಕೆ ಕಾಣದವರಿಗೂ ಆಗ ಕಂಡಿತು. ನೀರು ಕಾಯಿಸಿಡುವಂತೆ ಅಡುಗೆಯವರಿಗೆ ಅಪ್ಪಣೆಯಾಯಿತು.

ಚಿತ್ರದಲ್ಲಿ ಹಿಮವೋ ಕೊಕ್ಕರೆಯ ಗರಿಯೋ ಬರಬೇಕಾದ ಕಡೆ ಆ ಊರಿನವರು ಅಚ್ಚಿಗೆ ಶಾಯಿ ಹಚ್ಚುತ್ತಿರಲಿಲ್ಲ. ಒದ್ದೆ ಕಾಗದವನ್ನು ಬರಿಯ ಹಲಗೆಯ ಮೇಲೆ ಒತ್ತಿ ಉಜ್ಜುತ್ತಿದ್ದರು. ಗೆರೆ ಉಬ್ಬಿ ನಿಲ್ಲುತ್ತಿತ್ತು; ಓರೆ ಬೆಳಕಿಗೆ ಹಿಡಿದರಷ್ಟೇ ಕಾಣುತ್ತಿತ್ತು. ಮೂರನೆಯ ಚಿತ್ರವನ್ನು ಓಕಿನು ಪೂರ್ತಿ ಹಾಗೆಯೇ ಒತ್ತಿ ತಂದಳು.

“ಇದರಲ್ಲಿ ಶತ್ರುರಾಜ ಎಲ್ಲಿ?”

“ತಮ್ಮ ಹೆಸರು ಕೇಳಿ ಓಡಿಹೋಗಿದ್ದಾನೆ, ಒಡೆಯರೇ.”

ಮಂತ್ರಿಗೆ ಖುಷಿಯಾಯಿತು. ಹಾಳೆಯಲ್ಲಿ ಹೊಟ್ಟೆಯಿಲ್ಲ, ಮೀಸೆಯಿಲ್ಲ. ಮೊಹರು ಒತ್ತಿದ. ಒತ್ತಿದ ಮೇಲೆ ಅನುಮಾನ ಕಚ್ಚಿತು: ಇಷ್ಟು ನಿರಪರಾಧಿಯಾದ ಚಿತ್ರ ಎಲ್ಲಾದರೂ ಉಂಟೇ? ಹಾಳೆಯನ್ನು ಕಿಟಕಿಗೆ ಹಿಡಿದು ಓರೆ ಮಾಡಿದ. ಗೂಟಕ್ಕೆ ತೂಗುಹಾಕಿದ ಒಂದು ನಿಲುವಂಗಿ ಕಂಡಿತು. ಒಳಗೆ ಯಾರೂ ಇಲ್ಲ. ಅಂಗಿಯ ಮೇಲೆ ಅವನ ಮನೆತನದ ಮೂರು ಬೀಸಣಿಗೆಯ ಗುರುತು.

“ಇದು ನಾನೇ,” ಎಂದ ಮಂತ್ರಿ.

ಹೇಳಿದ್ದು ದೂರೋ ಒಪ್ಪಿಗೆಯೋ ಎಂದು ಮಂತ್ರ ವಿಚಾರಿಸುವುದಿಲ್ಲ. ಕಿಟಕಿಯ ಪಕ್ಕದ ಗೂಟದಲ್ಲಿ ಖಾಲಿ ನಿಲುವಂಗಿಯೊಂದು ತೂಗಾಡಿತು. ಮೊಹರು ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ತೊಟ್ಟಿಯಿಂದ ತೊಕುಬೆ ಮತ್ತೆ ಮನುಷ್ಯನಾಗಿ ಎದ್ದುನಿಂತ. ಮೈಮೇಲೆ ಬಟ್ಟೆಯಿಲ್ಲ, ಚಳಿಗೆ ಗಡಗಡ ನಡುಗುತ್ತಿದ್ದ. ಓಕಿನು ಕೈಗೆ ಸಿಕ್ಕ ನಿಲುವಂಗಿಯನ್ನೇ ಅವನಿಗೆ ಹೊದಿಸಿ ಮನೆಗೆ ಕರೆದೊಯ್ದಳು. ಗಂಡಹೆಂಡಿರು ನೂರು ಕಾಲ ಸುಖವಾಗಿ ಬಾಳಿದರು. ನಿಲುವಂಗಿ ಒಳ್ಳೆಯ ರೇಷ್ಮೆಯದು, ಅದೂ ಬಹಳ ಕಾಲ ಬಾಳಿತು.