ಆರು ಸಾವಿರ ಪುಳಕಂಗಿಗಳು

ಪಂದ್ಯ ಶುರುವಾಗಿ ಹನ್ನೊಂದು ನಿಮಿಷವಾಗಿತ್ತು. ಬೆಳಗಾವಿಯ ಆರು ಸಾವಿರ ಮಂದಿ ತಂತಮ್ಮ ಮನೆಯಲ್ಲಿ ಕುಳಿತಲ್ಲೇ ಒಮ್ಮೆಗೇ ಸಿಡಿಮಿಡಿಗೊಂಡರು. ಕಾರಣ ಇಷ್ಟೆ: ಕಾಲೇಜು ಮೈದಾನದ ಗ್ಯಾಲರಿಯಲ್ಲಿ ಶ್ರೀಶೈಲ ಹುಕ್ಕೇರಿ ಮಾಸ್ತರರ ಮೊಣಕಾಲಿಗೆ ಸೊಳ್ಳೆ ಕಚ್ಚಿತ್ತು.

ಆ ಆರು ಸಾವಿರ ಮಂದಿಯೂ ಪುಳಕಂಗಿ ತೊಟ್ಟಿದ್ದರು. ಗ್ಯಾಲರಿಯಲ್ಲಿ ಕುಳಿತವರ ಮಣಿಕಟ್ಟಿನ ಪಟ್ಟಿ ಅವರ ಎದೆಬಡಿತ, ಬೆವರು, ಮೈನವಿರೇಳುವುದನ್ನೆಲ್ಲ ಅಳೆದು ಕಳಿಸುತ್ತದೆ. ಮನೆಯಲ್ಲಿ ತೊಟ್ಟ ಅಂಗಿ ಅದನ್ನೇ ಸಣ್ಣ ವಿದ್ಯುತ್ ಮಿಡಿತಗಳಾಗಿ ನರಗಳಿಗೆ ಮುಟ್ಟಿಸುತ್ತದೆ. ಡಾ. ಪ್ರಾರ್ಥನಾ ಮುಚ್ಚಂಡಿ ಇದನ್ನು ಕಂಡುಹಿಡಿದಾಗ ಗ್ಯಾಲರಿಯಲ್ಲಿ ಎರಡು ಸಾವಿರ ಜನರಿದ್ದರು. ಅವರೆಲ್ಲರ ಸರಾಸರಿ ಉತ್ಸಾಹ ಹಾಸಿಗೆ ಹಿಡಿದವರಿಗೂ ತಲುಪಲಿ ಎಂಬುದು ಆಕೆಯ ಆಸೆಯಾಗಿತ್ತು. ಆದರೆ ಸೋಫಾದ ಮೇಲೆಯೇ ಆ ರೋಮಾಂಚನ ಸಿಗುವಾಗ ಬಿಸಿಲಲ್ಲಿ ಬೇಯುವವರಾರು? ಎರಡು ಸಾವಿರ ಇನ್ನೂರಾಯಿತು, ಇಪ್ಪತ್ತಾಯಿತು. ಈಗ ಉಳಿದವರು ಮಾಸ್ತರರೊಬ್ಬರೇ. ಒಬ್ಬನ ಸರಾಸರಿ ಎಂದರೆ ಅವನೇ.

ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇವತ್ತಂತೂ ರೋಸಿಹೋಗಿದ್ದರು. ಮೊಮ್ಮಗಳು ನಿಹಾರಿಕಾ ಕಾಲೇಜು ತಂಡದ ಗೋಲ್‌ಕೀಪರ್. "ಅಜ್ಜಾ, ಸುಡುಗಾಡದಾಗ ಆಡಿಧಂಗ ಆಗತೈತಿ. ಇವತ್ತ ಕಡೀ ಮ್ಯಾಚ್, ಆಮ್ಯಾಲ ಆಟ ಬಿಡಾಕಿ" ಎಂದು ಬೆಳಿಗ್ಗೆ ಹೇಳಿದ್ದಳು. ಮಾಸ್ತರರು ಇಡೀ ಓಣಿ ತಿರುಗಿ ಎಲ್ಲರನ್ನೂ ಕರೆದಿದ್ದರು. "ನೀವ ಹೋಗ್ರಿ ಮಾಸ್ತರ, ನಿಮ್ಮ ಮೈಯಾಗಿಂದ ನಾವೂ ನೋಡತೀವಿ" ಎಂದು ಪಕ್ಕದ ಮನೆಯ ಭರತೇಶ ಹಲ್ಲು ಕಿರಿದಿದ್ದ.

ವಿರಾಮದಲ್ಲಿ ಪ್ರಾರ್ಥನಾ ಏದುಸಿರು ಬಿಡುತ್ತ ಬಂದರು. ಒಂದು ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ, ಇನ್ನೊಂದರಲ್ಲಿ ಅಳತೆ ತೋರಿಸುವ ಪರದೆ.

"ಸರ, ದೂರಿನ ಮ್ಯಾಲ ದೂರು ಬರಾಕತ್ತಾವ್ರಿ. ಒಂದೀಟು ಖುಷಿಯಿಂದ ಕುಂದರ್ರಿ."

"ಖುಷಿ ಏನ್ ಟೊಂಕದಾಗ ಕಟಗೊಂಡ ಬಂದೀನೇನ್ರಿ? ಪಟ್ಟಿ ಬಿಚ್ಚಿ ಒಗೀಲೇನ್ರಿ?"

"ಬ್ಯಾಡ್ರಿ! ನೀವ ಬಿಚ್ಚಿದ್ರ ಆರು ಸಾವಿರ ಮಂದಿಗೆ ಏನೂ ಬರಂಗಿಲ್ಲ."

"ಕಾಲ ಗಟ್ಟಿ ಇದ್ದವರಿಗರ ಎದ್ದ ಬರ್ರಿ ಅನ್ರಿ ಮತ್ತ!"

ಭಜಿ ತಿಂದರೂ ಸಿಟ್ಟು ಇಳಿಯಲಿಲ್ಲ. ಉತ್ತರಾರ್ಧ ಶುರುವಾದ ಕೂಡಲೇ ನಿಹಾರಿಕಾ ಗಾಳಿಯಲ್ಲಿ ಹಾರಿ ಒಂದು ಗೋಲು ತಡೆದಳು. "ಭಲೇ!" ಎಂದು ಮಾಸ್ತರರು ಕೂಗಿದರು. ಖಾಲಿ ಸಿಮೆಂಟಿಗೆ ಬಡಿದು ಆ ಕೂಗು ಅವರಿಗೇ ಮರಳಿತು. ಹುಡುಗಿ ಇತ್ತ ನೋಡಿ ತಲೆ ತಗ್ಗಿಸಿದಳು. ಮಾಸ್ತರರಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಊರಲ್ಲಿ ಆರು ಸಾವಿರ ಮಂದಿಗೂ ಉರಿಯಿತು, ಯಾರಿಂದ ಎಂಬುದೂ ಅವರಿಗೆ ಗೊತ್ತಿತ್ತು.

ಹತ್ತೇ ನಿಮಿಷದಲ್ಲಿ ಮೈದಾನದ ಗೇಟು ದಡದಡ ಸದ್ದು ಮಾಡಿತು. ಲುಂಗಿಯ ಮೇಲೆ ಪುಳಕಂಗಿ ತೊಟ್ಟ ಭರತೇಶ ಮುಂದೆ, ಅವನ ಹಿಂದೆ ನಲವತ್ತು ಜನ.

"ಏನ್ ಹಚ್ಚೀರಿ ಮಾಸ್ತರ? ನಿಮ್ಮ ಸಿಟ್ಟಿನ್ಯಾಗ ನಾ ಹೆಂಡತಿ ಜೋಡಿ ಜಗಳಾಡಿ ಬಂದೆ!"

"ಮೊದಲ ಕುಂದರೋ, ಆಮ್ಯಾಲ ಬೈಯಿ!"

ಕುಳಿತವರು, ನಿಂತವರು ಎಲ್ಲ ಒಟ್ಟಿಗೇ ಬೈಯತೊಡಗಿದರು. ಅಷ್ಟರಲ್ಲಿ ಎದುರಾಳಿ ತಂಡದ ಹುಡುಗಿ ಒಬ್ಬಳೇ ಚೆಂಡಿನೊಂದಿಗೆ ನುಗ್ಗಿ ಬಲವಾಗಿ ಒದ್ದಳು. ನಿಹಾರಿಕಾ ಬೆರಳ ತುದಿಯಿಂದ ಅದನ್ನು ಕಂಬದಾಚೆ ತಳ್ಳಿದಳು. ಬೈಯಲು ತೆರೆದಿದ್ದ ಬಾಯಿಗಳೆಲ್ಲ ತೆರೆದಂತೆಯೇ "ಹೋ!" ಎಂದವು.

ಹುಡುಗಿ ಬೆಚ್ಚಿ ತಿರುಗಿದಳು. ಆಮೇಲೆ ಎರಡೂ ಗ್ಲೌಸು ಬಡಿದು ಕೂಗಿದಳು, "ಅಜ್ಜಾ, ಮುಂದಿನ ರವಿವಾರನೂ ಇವರನ್ನ ಕರಕೊಂಡ ಬಾ!"

ಮಾಸ್ತರರ ಕಣ್ಣು ತುಂಬಿತು. ಪಕ್ಕದಲ್ಲಿ ಪ್ರಾರ್ಥನಾ ತಮ್ಮ ತೋಳನ್ನೇ ನೋಡಿಕೊಳ್ಳುತ್ತಿದ್ದರು. ಅವರು ಅಂಗಿ ತೊಟ್ಟಿರಲಿಲ್ಲ, ಪಟ್ಟಿ ಕಟ್ಟಿರಲಿಲ್ಲ. ಆದರೂ ರೋಮಗಳು ನೆಟ್ಟಗೆ ನಿಂತಿದ್ದವು.

"ಈ ಗ್ಯಾಲರಿ ಖಾಲಿ ಮಾಡಿದಾಕಿ ನಾನ ಅಲ್ಲೇನ್ರಿ, ಸರ?"

"ನೀವೊಬ್ಬರ ಅಲ್ಲ ಬಿಡ್ರಿ. ಎರಡ ಸಾವಿರದ ಇಪ್ಪತ್ತೈದರ ಸುಮಾರಿಗೆ ನಾ ಇದ ಕಾಲೇಜಿನ್ಯಾಗ ಓದೂ ಮುಂದ ಗ್ಯಾಲರಿ ತುಂಬಿರತಿತ್ತು ಖರೆ. ಆದ್ರ ಗೋಲ್ ಆತಂದ್ರ ಎಲ್ಲಾರೂ ಫೋನ್ ಎತ್ತಿ ಹಿಡೀತಿದ್ವಿ. ಚಪ್ಪಾಳಿ ಹೊಡ್ಯಾಕ ಕೈ ಎಲ್ಲಿ ಖಾಲಿ ಇದ್ದೂರಿ?"

ಪ್ರಾರ್ಥನಾ ಪರದೆಯನ್ನು ಚೀಲಕ್ಕೆ ಹಾಕಿದರು. ಖಾಲಿಯಾದ ಎರಡು ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ.